ಪಂಪ್ ಬಿಚ್ಚೋಕಿಂತ ಮುಂಚೆ ಟ್ಯಾಂಕಿನ ಮುಚ್ಚಳ ಬಿಚ್ರಿ

ಇವತ್ತು ಮಧ್ಯಾಹ್ನ ಕುಡತಿನಿ ದಾಟಿ ತೋರಣಗಲ್ ಕಡೆ ರಸ್ತೆ ಪಕ್ಕ ಒಂದು ಹಳೇ ಮಹೀಂದ್ರಾ ಎಫ್‌ಸಿ ನಿಂತಿತ್ತು. ಮೂತಿ ಇಲ್ಲದ ಆ ಟ್ರಕ್ ಈಗ ಕಣ್ಣಿಗೆ ಬೀಳೋದೇ ಅಪರೂಪ. ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಗಾಡಿ, ಓಡ್ತಾ ಓಡ್ತಾ ಬಂದ್ ಬೀಳ್ತಿತ್ತಂತೆ. ಮೇಸ್ತ್ರಿ ಆಗಲೇ ಇಂಜಿನ್ನಿಗೆ ಡೀಸೆಲ್ ಒತ್ತಿ ಕೊಡೋ ಪಂಪ್ ಬಿಚ್ಚಿ ಗೋಣಿಚೀಲದ ಮೇಲಿಟ್ಟಿದ್ದರು. ಪೈಪುಗಳ ಬಾಯಿಗೆ ಒಂದು ಬಟ್ಟೆ ಚೂರೂ ಇಲ್ಲ, ಅದಿರು ಲಾರಿಗಳ ಕೆಂಪು ಧೂಳು ನೇರ ಒಳಗೆ. ಹೊಟ್ಟೆ ಉರೀತು. ಕೆಲವೇ ಮೈಕ್ರಾನ್ ಸಂದಿನಲ್ಲಿ ಕೆಲಸ ಮಾಡೋ ವಸ್ತು ಅದು.

ಎಷ್ಟು ಸಲ ಹೇಳಬೇಕ್ರಿ? ಇಂಜಿನ್ ಬದಲಾಯಿಸಿದ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇಂಜಿನ್ನೂ ಅಲ್ಲ, ಪಂಪೂ ಅಲ್ಲ. ಹಳೇ ಗಾಡಿಗೂ ಬಂದ ಇಂಜಿನ್ನಿಗೂ ಬೀಗತನ ಮಾಡಿಸಿದ ಜಾಗ ನೋಡಬೇಕು: ಟ್ಯಾಂಕು, ಪೈಪು, ವೈರು.

ಬಂದ್ ಬಿದ್ದ ರೀತಿಯೇ ಅರ್ಧ ಉತ್ತರ ಹೇಳ್ತದೆ. ಕೀ ತಿರುಗಿಸಿದ ಹಾಗೆ ಟಕ್ಕನೆ ನಿಂತರೆ ಕರೆಂಟಿನ ಕಡೆ ಹೋಗ್ರಿ. ಎಳೆತ ಕಡಿಮೆಯಾಗಿ, ಮಿಸ್ ಹೊಡೆದು, ಏರಿಳಿದು ನಿಂತರೆ ಡೀಸೆಲ್ ಸಾಲ್ತಿಲ್ಲ, ಇಲ್ಲಾ ಡೀಸೆಲ್ ಪೈಪಿನಲ್ಲಿ ಏರ್ (ಗಾಳಿ) ಹಿಡಿದಿದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲದ ಹಾಗೆ ಶುರುವಾಗ್ತದಾ? ಹಾಗಾದರೆ ಮುಂದಿನ ಸಲ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದು ಕಿವಿ ಇಡ್ರಿ. ಸುಸ್ ಅಂತ ಗಾಳಿ ಒಳಗೆ ಎಳೆದರೆ ಮುಚ್ಚಳದ ಉಸಿರಿನ ತೂತು ಧೂಳಿಗೆ ಮುಚ್ಚಿಹೋಗಿದೆ. ಒಂದು ಸೂಜಿ ಸಾಕು. ಗಾಳಿ ಎಳೆಯದಿದ್ದರೆ ಟ್ಯಾಂಕಿನೊಳಗಿನ ಜಾಲರಿ ನೋಡ್ರಿ. ತುಕ್ಕಿನ ಹಕ್ಕಳೆ ಬಂದು ಅಂಟಿಕೊಂಡು, ಇಂಜಿನ್ ನಿಂತಾಗ ಕೆಳಗೆ ಬೀಳ್ತಿರ್ತದೆ.

ಇನ್ನು ಬಹಳ ಗಾಡಿಗಳಲ್ಲಿ ಮಾಡಿಟ್ಟಿರೋ ತಪ್ಪು ರಿಟರ್ನ್ ಪೈಪಿಂದು. ಕಾರ್ಬ್ಯುರೇಟರ್ ಇದ್ದ ಹಳೇ ಪೆಟ್ರೋಲ್ ಗಾಡಿಗೆ ಟ್ಯಾಂಕಿಂದ ಒಂದೇ ಪೈಪು. ಡೀಸೆಲ್ಲಿಗೆ ಎರಡು ಬೇಕು. ಪಂಪಿನಲ್ಲಿ, ಇಂಜಿನ್ನೊಳಗೆ ಡೀಸೆಲ್ ಚಿಮ್ಮಿಸೋ ನಾಝಲ್‌ಗಳಲ್ಲಿ ಹೆಚ್ಚಾದ ಬಿಸಿ ಡೀಸೆಲ್ ವಾಪಸ್ ಟ್ಯಾಂಕಿಗೆ ಬರಬೇಕು. ಟ್ಯಾಂಕಿಗೆ ಕೈ ಹಾಕೋಕೆ ಬೇಜಾರಾಗಿ ಫಿಲ್ಟರಿನ ಹತ್ತಿರವೇ ಒಂದು ಟಿ (ಮೂರು ಬಾಯಿಯ ಜೋಡಣೆ) ಹಾಕಿ ರಿಟರ್ನನ್ನ ಟ್ಯಾಂಕಿಂದ ಡೀಸೆಲ್ ಎಳೆಯೋ ಪೈಪಿಗೇ ಸೇರಿಸಿಬಿಡ್ತಾರೆ. ಅದರಲ್ಲಿ ಬಂದ ಗಾಳಿ ಹೊರಗೆ ಹೋಗೋಕೆ ದಾರಿಯೇ ಇಲ್ಲ, ಅದೇ ಬಿಸಿ ಡೀಸೆಲ್ ಸುತ್ತಿ ಸುತ್ತಿ ಇನ್ನೂ ಕಾಯ್ತದೆ. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಇಂಜಿನ್ ನಿಲ್ಲದೆ ಇನ್ನೇನಾಗ್ತದೆ? ರಿಟರ್ನ್ ಟ್ಯಾಂಕಿಗೇ ಹೋಗಬೇಕು, ಎಳೆಯೋ ಪೈಪಿಂದ ದೂರ ಬೀಳಬೇಕು. ಪೆಟ್ರೋಲ್ ತುಂಬಿದ್ದ ಟ್ಯಾಂಕಿಗೆ ದಯವಿಟ್ಟು ವೆಲ್ಡಿಂಗ್ ಹಿಡೀಬೇಡ್ರಿ, ಖಾಲಿ ಟ್ಯಾಂಕೇ ಸಿಡಿಯೋದು. ಟ್ಯಾಂಕಿನ ಮೇಲೆ ಕೂತಿರೋ, ಡೀಸೆಲ್ ಮಟ್ಟ ತೋರಿಸೋ ಗೇಜಿನ ತಟ್ಟೆಯನ್ನ ಬಿಚ್ಚಿ ಹೊರಗೆ ತಂದು, ತೂತು ಹೊಡೆದು, ಹಿತ್ತಾಳೆ ನಿಪ್ಪಲ್ ನಟ್ಟು ಹಾಕಿ ಬಿಗಿದರೆ ಕೆಲಸ ಆಯ್ತು. ಹಳೇ 6 ಎಂಎಂ ಪೈಪನ್ನೂ ತೆಗೆದು 8 ಎಂಎಂ ಎಳೆಸ್ರಿ.

'ಎಲ್ಲೂ ಡೀಸೆಲ್ ಸೋರ್ತಿಲ್ಲ, ಪೈಪ್ ಸರಿ ಇದೆ' ಅಂತಾರೆ. ಎಳೆಯೋ ಕಡೆ ಸೋರೋದೇ ಇಲ್ರೀ! ಅಲ್ಲಿ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗ್ತದೆ. ಫಿಲ್ಟರಿಗೂ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡ್ರಿ. ಗುಳ್ಳೆ ನಿಲ್ಲದೆ ಬರ್ತಿದ್ದರೆ ತಾಮ್ರದ ವಾಷರ್, ಕ್ಲಿಪ್ಪು, ಒಣಗಿ ಸೀಳಿದ ರಬ್ಬರ್ ಹುಡುಕಬೇಕು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ಮಾತ್ರ ಗುಳ್ಳೆ ಬಂದರೆ ಟ್ಯಾಂಕಿನೊಳಗಿನ ಪೈಪೇ ಸೀಳಿದೆ.

ಇಷ್ಟರಲ್ಲೂ ಗೊತ್ತಾಗಲಿಲ್ಲ ಅಂದ್ರೆ ಐದು ಲೀಟರ್ ಕ್ಯಾನ್ ತೊಗೊಳ್ರಿ. ಶುದ್ಧ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರಕ್ಕೆ, ಬಿಸಿ ಸೈಲೆನ್ಸರಿಂದ ದೂರ ಕಟ್ರಿ. ಎಳೆಯೋದೂ ಅದರಿಂದಲೇ, ರಿಟರ್ನೂ ಅದಕ್ಕೇ. ಏರ್ ತೆಗೆದು ಅರ್ಧ ಗಂಟೆ ಓಡಿಸ್ರಿ. ನಿಲ್ಲದಿದ್ದರೆ ಪಂಪಿನದು ಏನೂ ತಪ್ಪಿಲ್ಲ. ಎರಡು ಮೀಟರ್ ಪೈಪು, ನಾಲ್ಕು ಕ್ಲಿಪ್ಪಿನ ಖರ್ಚು.

ಟಕ್ಕನೆ ನಿಲ್ಲೋ ಗಾಡಿಗೆ, ರೋಟರಿ ಪಂಪ್ (ಒಂದೇ ತಿರುಗೋ ಹೆಡ್ಡಿನಿಂದ ಎಲ್ಲಾ ನಾಝಲ್‌ಗೂ ಡೀಸೆಲ್ ಹಂಚೋದು) ಇದ್ದರೆ, ಅದರ ಮೇಲಿನ ಸ್ಟಾಪ್ ಸೊಲೆನಾಯ್ಡ್ ನೋಡ್ರಿ. ಕರೆಂಟು ಇದ್ದರೆ ಡೀಸೆಲ್ ಬಿಡೋ, ಹೋದರೆ ತಡೆಯೋ ವಾಲ್ವ್ ಅದು. ಬ್ಯಾಟರಿ ಪ್ಲಸ್ಸಿಂದ ಫ್ಯೂಸ್ ಹಾಕಿದ ವೈರ್ ನೇರ ಅದಕ್ಕೆ ಕೊಟ್ಟು ಓಡಿಸಿ. ನಿಲ್ಲದಿದ್ದರೆ ಕೀ ಸ್ವಿಚ್ಚು ಅಥವಾ ಹಳೇ ವೈರಿಂಗ್. ಆಗ ಕೀ ತಿರುಗಿಸಿದರೂ ಇಂಜಿನ್ ನಿಲ್ಲಲ್ಲ, ವೈರ್ ಕೀಳಬೇಕು, ನೆನಪಿರಲಿ. ಇಂಜಿನ್ನಿಂದ ಚಾಸಿಗೆ ಅರ್ತ್ ಪಟ್ಟಿ ಇದೆಯಾ ನೋಡ್ರಿ. ರಬ್ಬರ್ ಮೌಂಟಿಂಗ್ ಮೇಲೆ ಕೂರಿಸಿ ಪಟ್ಟಿ ಮರೆತಿರ್ತಾರೆ. ಸೆಲ್ಫ್ ಹೊಡೆದಾಗ ಆಕ್ಸಲರೇಟರ್ ಕೇಬಲ್ ಬಿಸಿಯಾದರೆ ಕರೆಂಟು ಆ ಕೇಬಲ್ಲಿನಿಂದಲೇ ದಾರಿ ಮಾಡಿಕೊಂಡಿದೆ ಅಂತ ಅರ್ಥ.

ಪಂಪ್ ಕೆಡೋದೇ ಇಲ್ವಾ? ಕೆಡ್ತದೆ. ಬಿಸಿಯಿದ್ದಾಗ ನಿಂತು ಮತ್ತೆ ಶುರುವಾಗದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗಾದ ಮೇಲೆ ಶುರುವಾದರೆ ರೋಟರಿ ಪಂಪಿನ ಹೆಡ್ಡು ಸವೆದಿರೋ ಲಕ್ಷಣ. ಆಗ ಬಿಚ್ರಿ, ಬೇಡ ಅನ್ನಲ್ಲ. 'ಹಳೇ ಪಂಪು, ಹೆಂಗಿದ್ರೂ ಒಂದ್ಸಲ ರಿಪೇರಿ ಆಗ್ಲಿ' ಅನ್ನೋ ಮಾತು ಮಾತ್ರ ನಾನು ಒಪ್ಪಲ್ಲ. ಪಂಪ್ ಕೂತ ಜಾಗಕ್ಕೆ ಗುರುತು ಹಾಕದೆ ಬಿಚ್ಚಿದರೆ ಟೈಮಿಂಗ್, ಅಂದ್ರೆ ಡೀಸೆಲ್ ಚಿಮ್ಮೋ ಸರಿಯಾದ ಗಳಿಗೆ, ತಪ್ಪಿ ಹೋಗ್ತದೆ. ಬಿಳಿ ಹೊಗೆ, ಬಡಿತ, ಬೆಳಿಗ್ಗೆ ಶುರುವಾಗದ ಕಾಟ. ಒಂದು ರೋಗ ಇದ್ದ ಗಾಡಿಗೆ ಎರಡಾದವು.

ಆ ಎಫ್‌ಸಿಯ ಫಿಲ್ಟರ್ ಪಕ್ಕದಲ್ಲೂ ಟಿ ಇತ್ತು, ಬರಿಗಣ್ಣಿಗೆ ಕಾಣೋ ಹಾಗೆ. ಅದನ್ನೇ ಹೇಳಿ ಬಂದೆ. ಗಾಡಿಯ ಅಣ್ಣ ಇದನ್ನ ಓದ್ತಿದ್ದರೆ: ಆ ಪಂಪನ್ನ ತೊಳೆಸದೆ ವಾಪಸ್ ಕೂರಿಸಬೇಡಣ್ಣ, ಕೂರಿಸೋ ಮುಂಚೆ ಆ ಟಿ ಕಿತ್ತು ಹಾಕ್ಸು.