ಬಿಚ್ಚಿದ ಬೆಲ್ಟು, ಹಾಕದ ಬೆಲ್ಟು

ಕಳೆದ ತಿಂಗಳು ವಿಮಾನ ಹತ್ತುವ ಮುಂಚೆ ತಪಾಸಣೆಯ ಸಾಲಿನಲ್ಲಿ ನಿಂತು ಬೂಟು, ಬೆಲ್ಟು ಎಲ್ಲ ಬಿಚ್ಚಿ ಟ್ರೇಗೆ ಹಾಕಿದೆ. ಒಳಗೆ ಹೋದರೆ, ಪಕ್ಕದ ಕುರ್ಚಿಯಲ್ಲಿ ಒಂದು ಚೀಲ. ಹತ್ತಿರ ಯಾರೂ ಇಲ್ಲ. ಎದೆ ಧಸಕ್ಕೆಂದಿತು. ಎದ್ದು ಹೋಗಿ ಕಾವಲಿನವನಿಗೆ ಹೇಳಿದೆ. ಅಷ್ಟರಲ್ಲಿ ಯಾರೋ ಬಂದು ಚೀಲ ಎತ್ತಿಕೊಂಡು ಹೋದರು. ವಿಮಾನ ಇಳಿದು ಟ್ಯಾಕ್ಸಿ ಹತ್ತಿದೆ. ಡ್ರೈವರ್ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಕಾರು ಓಡಿಸುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಹಾಯಾಗಿ ನಿದ್ದೆ ಹೊಡೆದೆ.

ಲೆಕ್ಕ ನೋಡಿದರೆ ನಾನು ಹೆದರಿದ್ದು ತಪ್ಪು ಜಾಗದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. ಅಂದರೆ ದಿನಕ್ಕೆ 3,200ಕ್ಕೂ ಜಾಸ್ತಿ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಭಯೋತ್ಪಾದಕರು ವಿಮಾನಗಳನ್ನು ಅಪಹರಿಸಿ ನಡೆಸಿದ ದಾಳಿಗೆ ಬಲಿಯಾದವರು 2,977 ಜನ. ಆ ದಿನ ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಅಂತ ಎಷ್ಟೋ ಜನರಿಗೆ ಇವತ್ತಿಗೂ ನೆನಪಿದೆ. ನಿನ್ನೆ ರಸ್ತೆಯಲ್ಲಿ ಸತ್ತವರ ನೆನಪು ಅವರ ಮನೆಯವರಿಗೆ ಮಾತ್ರ.

ಯಾಕೆ ಹೀಗೆ? ಪಾಲ್ ಸ್ಲೋವಿಕ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲೇ ಬರೆದಿದ್ದರು. ನಮ್ಮ ಕೈಮೀರಿದ್ದು, ಒಂದೇ ಏಟಿಗೆ ಹಲವರನ್ನು ಕೊಲ್ಲುವಂಥದ್ದು, ಅಂಥ ಅಪಾಯ ನಮ್ಮನ್ನು ಹೆಚ್ಚು ನಡುಗಿಸುತ್ತದೆ. ಸ್ಟೀರಿಂಗ್ ನಮ್ಮ ಕೈಯಲ್ಲಿದ್ದರೆ ಧೈರ್ಯ. ಸರಿ, ಒಪ್ಪಿದೆ. ಆದರೆ ಆ ಟ್ಯಾಕ್ಸಿಯಲ್ಲಿ ಸ್ಟೀರಿಂಗ್ ನನ್ನ ಕೈಯಲ್ಲಿ ಇರಲಿಲ್ಲವಲ್ಲ! ನಿದ್ದೆ ಹೇಗೆ ಬಂತು?

ನನಗೆ ಅನ್ನಿಸುವುದು ಇಷ್ಟು: ಭಯಕ್ಕೊಬ್ಬ ಶತ್ರು ಬೇಕು. ಬಾಂಬ್ ಇಟ್ಟವನಿಗೆ ಮುಖ ಇದೆ, ದ್ವೇಷ ಇದೆ. ಟಿವಿಯವರು ಅವನ ಫೋಟೋಗೆ ಕೆಂಪು ಗೆರೆ ಎಳೆದು ದಿನವಿಡೀ ತೋರಿಸಬಹುದು. ರಸ್ತೆಯ ಸಾವಿಗೆ ಯಾರ ಫೋಟೋ ಹಾಕುವುದು? ಸಿಗ್ನಲ್ ದಾಟುವಾಗ ಮೆಸೇಜ್ ನೋಡಿದವನದ್ದಾ? ಹಾಗಾದರೆ ನನ್ನದೂ ಹಾಕಬೇಕಾಗುತ್ತದೆ. ಅದಕ್ಕೇ ನಾವು ಹಣೆಬರಹ ಅಂತೀವಿ, ಟೈಮ್ ಚೆನ್ನಾಗಿರಲಿಲ್ಲ ಅಂತೀವಿ. ಬಾಂಬ್ ಸಿಡಿದಾಗ ಯಾರಾದರೂ ಹಣೆಬರಹ ಎಂದು ಸುಮ್ನೆ ಕೂತದ್ದು ನೋಡಿದ್ದೀರಾ?

ಹಾಗಂತ ಅಂಕಿ ಹಿಡಿದುಕೊಂಡು, ಹೆದರುವವರನ್ನು ದಡ್ಡರು ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಕೊಲ್ಲಬೇಕೆಂದೇ ಹೊರಟವನು ನಾಳೆ ಇನ್ನೂ ದೊಡ್ಡದಾಗಿ ಯೋಚಿಸಬಹುದು. ರಸ್ತೆಯ ಗುಂಡಿ ಸಂಚು ಮಾಡುವುದಿಲ್ಲ. ರಸ್ತೆಯ ಸಾವುಗಳು ಮುಂದಿನ ವರ್ಷ ಹತ್ತು ಪಟ್ಟು ಆಗುವುದಿಲ್ಲ, ಭಯೋತ್ಪಾದಕರಿಂದ ಆಗುವ ಸಾವುಗಳು ಆಗಬಹುದು. ಮತ್ತೆ, ಹೆದರಿಸುವುದೇ ಅವರ ಕೆಲಸ. ನಾವು ಹೆದರಿದ್ದರಲ್ಲಿ ಆಶ್ಚರ್ಯವೇನಿದೆ?

ತೊಂದರೆ ಏನೆಂದರೆ ಆ ಭಯವೂ ಕೊಲ್ಲುತ್ತದೆ. 2001ರ ದಾಳಿಯ ನಂತರ ಅಮೆರಿಕದಲ್ಲಿ ಎಷ್ಟೋ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಮುಂದಿನ 12 ತಿಂಗಳಲ್ಲಿ ಇದರಿಂದಾಗಿ ರಸ್ತೆಯಲ್ಲಿ ಹೆಚ್ಚುವರಿಯಾಗಿ ಸುಮಾರು 1,500 ಮಂದಿ ಸತ್ತರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆನ್ಸರ್ ಲೆಕ್ಕ ಹಾಕಿದ್ದಾರೆ. ಅಪಾಯ ತಪ್ಪಿಸಿಕೊಂಡೆವು ಎಂದುಕೊಂಡೇ ಅವರು ಮನೆಯಿಂದ ಹೊರಟಿದ್ದರು, ಅಲ್ವಾ?

ಇದನ್ನೆಲ್ಲ ಓದಿಕೊಂಡ ಮೇಲೆ, ಮೊನ್ನೆ ಮತ್ತೆ ಟ್ಯಾಕ್ಸಿ ಹತ್ತಿದೆ. ಈ ಡ್ರೈವರ್ ಕೈಯಲ್ಲೂ ಫೋನ್. ಕೆಳಗಿಡಿ ಅಂತ ಹೇಳಲು ಹತ್ತು ನಿಮಿಷ ಒದ್ದಾಡಿದೆ. ಗುರುತಿಲ್ಲದ ಚೀಲದ ಬಗ್ಗೆ ದೂರು ಕೊಡಲು ಇಲ್ಲದ ಸಂಕೋಚ ಇಲ್ಲಿ ಎಲ್ಲಿಂದ ಬಂತೋ. ಕೊನೆಗೂ ಹೇಳಿದೆ, ಪಾಪ, ತಕ್ಷಣ ಇಟ್ಟ. ಆಮೇಲೆ ಹಿಂದಿನ ಸೀಟಿನ ಬೆಲ್ಟಿಗಾಗಿ ತಡಕಾಡಿದೆ. ಕೊಂಡಿ ಸೀಟಿನ ಕವರ್ ಕೆಳಗೆ ಹೂತುಹೋಗಿತ್ತು.

“ಹಿಂದೆ ಯಾರೂ ಹಾಕಲ್ಲ ಸಾರ್” ಅಂದ.