ಬಡ್ತಿ ಕುರ್ಚಿಗೋ, ಕೂತವನಿಗೋ?

ಡೊಂಬಿವಲಿಯಲ್ಲಿ ನೆಂಟರ ಮನೆಯ ಮುಂಜಿ. ಎಲೆಗೆ ಕೋಸಂಬರಿ ಬೀಳುತ್ತಿದ್ದ ಹೊತ್ತಿನಲ್ಲಿ, ಧಾರವಾಡದಿಂದ ಬಂದಿದ್ದ ದೊಡ್ಡಪ್ಪನ ಮಗ ಇಡೀ ಪಂಕ್ತಿಗೆ ಕೇಳುವಂತೆ ಕೇಳಿದ: "ತಮ್ಮಾ, ನೀನು ಇನ್ನೂ ಅದೇ ಗ್ರೇಡಿನಲ್ಲೇ ಇದ್ದೀಯಂತೆ? ವಿಶ್ವಸಂಸ್ಥೆ ಎಂದರೆ ಏನೋ ದೊಡ್ಡದು ಎಂದುಕೊಂಡಿದ್ದೆವಲ್ಲಪ್ಪ!" ಎದುರು ಸಾಲಿನವರೂ ತಲೆ ಎತ್ತಿದರು. ಅಣ್ಣ ಕರ್ನಾಟಕ ಸರ್ಕಾರದ ನೌಕರ. ಹತ್ತು ವರ್ಷಕ್ಕೆ ಕಾಲಮಿತಿ ಬಡ್ತಿ, ಹದಿನೈದಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಇಪ್ಪತ್ತಕ್ಕೆ ಮತ್ತೊಂದು ಹೆಚ್ಚುವರಿ ವೇತನ ಬಡ್ತಿ, ಎಲ್ಲವೂ ಹೊತ್ತುಹೊತ್ತಿಗೆ ಸಿಕ್ಕಿವೆ. ಅವನು ಮಾಡುವ ಕೆಲಸ ಮಾತ್ರ ಸೇರಿದ ದಿನ ಏನಿತ್ತೋ ಹೆಚ್ಚುಕಡಿಮೆ ಅದೇ. ಇದನ್ನು ಅವನೇ ನಗುತ್ತಾ ಹೇಳುತ್ತಾನೆ.

ನಾನು ದುಡಿಯುವುದು ವಿಶ್ವಸಂಸ್ಥೆಯ ಬಳಗಕ್ಕೆ ಸೇರಿದ ಸಂಸ್ಥೆಯೊಂದರ ಮುಂಬೈ ಕಚೇರಿಯಲ್ಲಿ, ಲೆಕ್ಕಪತ್ರ ವಿಭಾಗದ ಸಹಾಯಕನಾಗಿ. ಸಂಬಳ ರೂಪಾಯಿಯಲ್ಲೇ ಬರುತ್ತದೆ. ಊರಿನವರು ಡಾಲರ್ ಎಂದು ನಂಬಿದ್ದಾರೆ, ಚಂದಾ ಪುಸ್ತಕ ಹಿಡಿದು ಬರುವ ನಮ್ಮ ಕನ್ನಡ ಸಂಘದವರಂತೂ ಇನ್ನೂ ಗಟ್ಟಿಯಾಗಿ ನಂಬಿದ್ದಾರೆ.

ಅಣ್ಣನಿಗೆ ಪಂಕ್ತಿಯಲ್ಲಿ ವಿವರಿಸಲಾಗದ ಸಂಗತಿ ಇಷ್ಟು: ನಮ್ಮಲ್ಲಿ ದರ್ಜೆ ಇರುವುದು ಹುದ್ದೆಗೆ, ಅದರಲ್ಲಿ ಕೂತ ಮನುಷ್ಯನಿಗಲ್ಲ. ಸಹಾಯಕ ಸಿಬ್ಬಂದಿಗೆ ಜಿ-1ರಿಂದ ಜಿ-7, ವೃತ್ತಿಪರ ಅಧಿಕಾರಿಗಳಿಗೆ ಪಿ-1ರಿಂದ ಪಿ-5, ಅದರ ಮೇಲೆ ನಿರ್ದೇಶಕರ ಎರಡು ದರ್ಜೆ. ಜಿ-5 ಹುದ್ದೆಯಲ್ಲಿ ತಲೆ ನರೆಯುವವರೆಗೆ ಕೂತರೂ ಅದು ಜಿ-5 ಹುದ್ದೆಯೇ. ವಾರ್ಷಿಕ ಹೆಚ್ಚಳದ ಮೆಟ್ಟಿಲುಗಳು ಮುಗಿದರೆ, ಇಡೀ ವೇತನ ಶ್ರೇಣಿ ಪರಿಷ್ಕರಣೆಯಾಗುವವರೆಗೆ ಸಂಬಳ ನಿಂತಲ್ಲೇ ನಿಲ್ಲುತ್ತದೆ. ಹುದ್ದೆಯನ್ನು ತೂಗುವ ತಕ್ಕಡಿಯೂ ಬೇರೆಯೇ ಇದೆ. ವಿಶ್ವಸಂಸ್ಥೆಯ ಮಹಾಸಭೆ 1974ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ನಾಗರಿಕ ಸೇವಾ ಆಯೋಗ ಅದನ್ನು ರೂಪಿಸಿತು. ವೃತ್ತಿಪರ ಹುದ್ದೆಗಳಿಗೆ 1981ರಲ್ಲಿ ಜಾರಿಗೆ ಬಂದ ಮಾನದಂಡ 2004ರಲ್ಲಿ ಹೊಸ ರೂಪ ಪಡೆಯಿತು. ಕೆಲಸದ ಸ್ವರೂಪ, ಅದನ್ನು ಮಾಡುವ ಪರಿಸರ, ಯಾರ ಜೊತೆ ವ್ಯವಹರಿಸಬೇಕು, ಫಲಿತಾಂಶ ಏನು ಎಂಬ ನಾಲ್ಕು ಅಂಶಗಳಿಗೆ ಅಂಕ ಕೊಟ್ಟು, ಕೂಡಿಸಿ, ದರ್ಜೆ ನಿಗದಿಪಡಿಸುತ್ತಾರೆ. ಆ ಕುರ್ಚಿಯಲ್ಲಿ ಯಾರು, ಎಷ್ಟು ವರ್ಷದಿಂದ ಕೂತಿದ್ದಾರೆ ಎಂಬುದಕ್ಕೆ ಅಲ್ಲಿ ಅಂಕವೇ ಇಲ್ಲ.

ಇದು ಎಷ್ಟು ನಿರ್ದಾಕ್ಷಿಣ್ಯ ಎಂಬುದು ಖರೀದಿ ವಿಭಾಗದ ನನ್ನ ಸಹೋದ್ಯೋಗಿಯ ಪ್ರಕರಣದಲ್ಲಿ ಗೊತ್ತಾಯಿತು. ವರ್ಷಗಳಿಂದ ಮೇಲಿನವರ ಕೆಲಸವನ್ನೂ ಅವರೇ ಎಳೆಯುತ್ತಿದ್ದರು. ಕೊನೆಗೊಮ್ಮೆ ಹುದ್ದೆಯ ಮರುವರ್ಗೀಕರಣಕ್ಕೆ, ಅಂದರೆ ಅದರ ದರ್ಜೆಯನ್ನು ಮತ್ತೆ ತೂಗುವುದಕ್ಕೆ, ಅರ್ಜಿ ಹೋಯಿತು. ಹುದ್ದೆಯ ವಿವರ ಬರೆಯಲು ಇಬ್ಬರೂ ಕೂತೆವು. ಟೆಂಡರ್ ಪರಿಶೀಲನೆಗೆ ನೂರಕ್ಕೆ ಇಷ್ಟು ಸಮಯ, ಪೂರೈಕೆದಾರರ ಜೊತೆ ಮಾತುಕತೆಗೆ ಇಷ್ಟು, ಕಡತ ವಿಲೇವಾರಿಗೆ ಇಷ್ಟು ಎಂದು ಪಾಲು ಹಾಕಬೇಕು, ಒಟ್ಟು ನೂರೇ ಆಗಬೇಕು. ವರ್ಗೀಕರಣದವರು ಕೇಳಿದ್ದು ಬೇರೆಯೇ ಪ್ರಶ್ನೆಗಳು. ಇವರು ಸಹಿ ಹಾಕಿದ ಮೇಲೆ ಇನ್ನೊಬ್ಬರು ಪರಿಶೀಲಿಸುತ್ತಾರೆಯೇ? ಇವರು ತಪ್ಪಿದರೆ ನಷ್ಟ ಕಚೇರಿಯಲ್ಲೇ ಮುಗಿಯುತ್ತದೆಯೇ, ಹಳ್ಳಿಗೆ ಹೋಗಬೇಕಾದ ಸಾಮಗ್ರಿಯೇ ನಿಲ್ಲುತ್ತದೆಯೇ? ಕಡೆಗೆ ಜಿ-6 ಇದ್ದದ್ದು ಜಿ-7 ಆಯಿತು. ಪೇಡೆ ಹಂಚಿದೆವು. ಮರುವಾರ ಅದೇ ಹುದ್ದೆಗೆ ಜಾಹೀರಾತು ಬಂತು: ಅರ್ಹರೆಲ್ಲರೂ ಅರ್ಜಿ ಹಾಕಬಹುದು. ಮೇಲೇರಿದ್ದು ಹುದ್ದೆ ತಾನೇ! ಇವರೂ ಅರ್ಜಿ ಹಾಕಿದರು, ಸಂದರ್ಶನಕ್ಕೆ ಕೂತರು. ಆಯ್ಕೆಯಾದದ್ದು ನಾಗಪುರದ ಒಬ್ಬ ಹೆಣ್ಣುಮಗಳು. ಇವರು ಇನ್ನೊಂದು ಮೇಜಿಗೆ ಹೋಗುವ ಮೊದಲು ಆಕೆಗೆ ಕಡತಗಳನ್ನೆಲ್ಲ ಒಂದೊಂದಾಗಿ ತೋರಿಸಿಕೊಟ್ಟರು.

ಅಣ್ಣನಿಗೆ ಇದನ್ನು ಹೇಳಿದರೆ "ಇದೆಂಥ ಅನ್ಯಾಯ!" ಎನ್ನುತ್ತಾನೆ. ನನಗೂ ಸಂಕಟವಾಯಿತು. ಆದರೆ ಬಜೆಟ್ ಹಾಳೆ ಎದುರಿಗಿಟ್ಟುಕೊಂಡು ದಿನ ಕಳೆಯುವವನಿಗೆ ಈ ಕಟ್ಟುನಿಟ್ಟು ಯಾಕೆ ಬೇಕು ಎಂಬುದೂ ಅರ್ಥವಾಗುತ್ತದೆ. ಹುದ್ದೆಯ ದರ್ಜೆ ಒಮ್ಮೆ ಏರಿತೆಂದರೆ ಆ ಖರ್ಚು ಪ್ರತಿ ವರ್ಷವೂ ಬರುತ್ತದೆ. ಪಿಂಚಣಿ ನಿಧಿಗೆ ಪಿಂಚಣಿಗೆ ಲೆಕ್ಕ ಹಿಡಿಯುವ ವೇತನದ ಶೇ. 23.7ರಷ್ಟು ಹೋಗಬೇಕು. ಅದರಲ್ಲಿ ನೌಕರನ ಪಾಲು ಶೇ. 7.9, ಸಂಸ್ಥೆಯ ಪಾಲು ಶೇ. 15.8. ಸಂಬಳ ಏರಿದರೆ ಅದೂ ಏರಿತು. ಕೆಳಗಿನವರು ಜಿ-7 ಆದರೆ, ಅವರ ಮೇಲ್ವಿಚಾರಕರು ತಮ್ಮ ಹುದ್ದೆಯೂ ಭಾರವಾಯಿತೆಂದು ಕಡತ ತೆರೆಯುತ್ತಾರೆ. ಇನ್ನೊಂದು ಊರಿನ ಕಚೇರಿಯವರು "ಮುಂಬೈಗೆ ಕೊಟ್ಟಿರಿ, ನಮಗೇಕಿಲ್ಲ?" ಎಂದು ಪತ್ರ ಬರೆಯುತ್ತಾರೆ. ನ್ಯೂಯಾರ್ಕಿನ ಸಚಿವಾಲಯದಲ್ಲಂತೂ ಸದಸ್ಯ ರಾಷ್ಟ್ರಗಳ ವಂತಿಗೆಯಿಂದ ನಡೆಯುವ ನಿಯತ ಬಜೆಟ್ಟಿನ ಹುದ್ದೆಯನ್ನು ಮೇಲ್ದರ್ಜೆಗೇರಿಸಲು ಕಾರಣ ಬರೆದುಕೊಡಬೇಕು. ಆಡಳಿತ ಮತ್ತು ಬಜೆಟ್ ವಿಷಯಗಳ ಸಲಹಾ ಸಮಿತಿ ಅದನ್ನು ಕೆದಕುತ್ತದೆ, ಬೇಡವೆಂದೂ ಹೇಳುತ್ತದೆ. ಆಮೇಲೆ ಸದಸ್ಯ ರಾಷ್ಟ್ರಗಳೆಲ್ಲ ಕೂರುವ, ಮಹಾಸಭೆಯ ಐದನೇ ಸಮಿತಿ. 2025ರಲ್ಲಿ ಆ ನಿಯತ ಬಜೆಟ್ ಸುಮಾರು 3.72 ಬಿಲಿಯನ್ ಡಾಲರ್. ಅಷ್ಟು ದೊಡ್ಡ ಮೊತ್ತದ ನಡುವೆ ಒಂದೇ ಒಂದು ಹುದ್ದೆ ಪಿ-4ರಿಂದ ಪಿ-5 ಆಗುವುದೂ ಮುದ್ರಿತ ದಾಖಲೆಯಲ್ಲಿ ಎದ್ದು ಕಾಣುತ್ತದೆ.

ನಮ್ಮ ಕರ್ನಾಟಕದಲ್ಲಿ? ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರವೇ ಹೇಳಿತು. ಸಂಬಳ ಏರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ತಿಂಗಳುಗಳಲ್ಲಿ ನೆಂಟರ ಫೋನಿನಲ್ಲೆಲ್ಲ ಕೇಳಿದ್ದು ಶೇಕಡಾ ಎಷ್ಟು ಎಂಬ ಮಾತೊಂದೇ. ಯಾವ ಹುದ್ದೆ ಇವತ್ತಿಗೆ ಬೇಕು, ಯಾವುದರ ಕೆಲಸ ಬದಲಾಗಿದೆ ಎಂಬ ಮಾತನ್ನು ಒಬ್ಬರಾದರೂ ಎತ್ತಬಾರದೇ? ಟೈಪ್‌ರೈಟರ್ ಮೂಲೆ ಸೇರಿ ಎಷ್ಟು ಕಾಲವಾಯಿತು, ಬೆರಳಚ್ಚುಗಾರನ ಹುದ್ದೆ ವೃಂದದ ಪಟ್ಟಿಯಲ್ಲಿ ಕದಲದೆ ಕೂತಿದೆ. ಅದೇ ಕಚೇರಿಯಲ್ಲಿ ಇಡೀ ತಾಲ್ಲೂಕಿನ ಕಂಪ್ಯೂಟರ್ ದಾಖಲೆಗಳನ್ನು ನಿಭಾಯಿಸುವ ಹುಡುಗಿ ಹೊರಗುತ್ತಿಗೆಯವಳು, ಅವಳಿಗೆ ದರ್ಜೆಯೂ ಇಲ್ಲ, ಪಿಂಚಣಿಯೂ ಇಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ಒಂದು ಸ್ಥಾನ ಹಿಂದೆಮುಂದಾದರೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವವರು, ತಮ್ಮ ಕರ್ತವ್ಯಗಳ ಪಟ್ಟಿಯನ್ನು ಕೊನೆಯ ಬಾರಿ ಓದಿದ್ದು ಯಾವಾಗ ಎಂದು ಕೇಳಿದರೆ ಹುಬ್ಬೇರಿಸುತ್ತಾರೆ. ದೂರದಲ್ಲಿ ಕೂತವನಿಗೆ ಊರಿನ ಮೇಲೆ ಸಿಟ್ಟು ಸುಲಭ, ಗೊತ್ತು. ಆದರೂ ಸಿಟ್ಟು ಬರುತ್ತದೆ.

ನಮ್ಮ ವಿಶ್ವಸಂಸ್ಥೆಯ ವ್ಯವಸ್ಥೆಯ ಹುಳುಕನ್ನೂ ಹೇಳದಿದ್ದರೆ ಅಣ್ಣ ಬಿಡುವುದಿಲ್ಲ. ಹೊರಗುತ್ತಿಗೆಯ ಮಾತಿನಲ್ಲಿ ನಾವೇನೂ ಸಾಚಾಗಳಲ್ಲ. ಹೊಸ ಹುದ್ದೆಗೆ ಒಪ್ಪಿಗೆ ಸಿಗದಿದ್ದರೆ ಸಲಹೆಗಾರರೆಂದು ತಿಂಗಳುಗಳ ಕರಾರಿನ ಮೇಲೆ ಜನರನ್ನು ತಂದು ಅದೇ ಕೆಲಸ ಮಾಡಿಸುವುದು ನಮ್ಮಲ್ಲೂ ಇದೆ. ಆ ಖರ್ಚು ಹುದ್ದೆಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಇನ್ನು ಜಿ ಮತ್ತು ಪಿ ನಡುವಿನ ಗೋಡೆ. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಸಹಾಯಕ ಸಿಬ್ಬಂದಿ ವೃತ್ತಿಪರ ದರ್ಜೆಗೆ ದಾಟಬೇಕಾದರೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು, ಅದಕ್ಕೆ ಸಿಗುವ ಹುದ್ದೆಗಳೂ ಬೆರಳೆಣಿಕೆಯವು. ಕರ್ನಾಟಕದ ಕಂದಾಯ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿ ಸೇರಿದವನು ಶಿರಸ್ತೇದಾರನಾಗಿ, ಮುಂದೆ ತಹಶೀಲ್ದಾರನೂ ಆಗಬಲ್ಲ. ಅಂಥವರನ್ನು ನಾನೇ ಕಂಡಿದ್ದೇನೆ, ಅವರಲ್ಲಿ ಕೆಲವರು ನೇರ ನೇಮಕಾತಿಯವರಿಗಿಂತ ಚೆನ್ನಾಗಿ ಪಹಣಿ ಓದುತ್ತಾರೆ.

ಇನ್ನೊಂದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಒಪ್ಪಲೇಬೇಕು. ಕುರ್ಚಿಗೇ ದರ್ಜೆ ಎಂದಾದರೆ ಕುರ್ಚಿ ಎತ್ತಿದಾಗ ಮನುಷ್ಯನೂ ಎದ್ದು ಹೋಗಬೇಕು. ಸಚಿವಾಲಯದ 2026ರ ಬಜೆಟ್ ಪ್ರಸ್ತಾವದಲ್ಲಿ 2,681 ಹುದ್ದೆಗಳ ಕಡಿತದ ಮಾತು ಬಂದಾಗ, ಬೇರೆ ಸಂಸ್ಥೆ, ಬೇರೆ ಹಣ ಎಂದುಕೊಂಡರೂ ನಮ್ಮ ಕಚೇರಿಯಲ್ಲಿ ಎಲ್ಲರೂ ತಮ್ಮ ಹುದ್ದೆಯ ಸಂಖ್ಯೆಯನ್ನು ಹುಡುಕಿ ನೋಡಿಕೊಂಡರು, ನಾನೂ ನೋಡಿಕೊಂಡೆ. ಅಣ್ಣನ ಇಲಾಖೆಯಲ್ಲಿ ಒಂದು ವಿಭಾಗವನ್ನೇ ಮುಚ್ಚಿದಾಗ ಅಲ್ಲಿದ್ದವರನ್ನೆಲ್ಲ ಬೇರೆ ಬೇರೆ ಕಚೇರಿಗಳಿಗೆ ಹಂಚಿ, ಸ್ಥಳನಿಯುಕ್ತಿ ಆದೇಶ ಕೊಟ್ಟರಂತೆ. ಒಬ್ಬರ ಸಂಬಳವೂ ನಿಲ್ಲಲಿಲ್ಲ. ಖರೀದಿ ವಿಭಾಗದ ನನ್ನ ಸಹೋದ್ಯೋಗಿ ಈಗ ಕೂತಿರುವುದು ಯೋಜನೆಯೊಂದರ ಹಣದ ಮೇಲೆ ನಿಂತ ಹುದ್ದೆಯಲ್ಲಿ. ಆ ಯೋಜನೆಗೆ ಮುಂದಿನ ವರ್ಷದ ಹಣ ಇನ್ನೂ ಮಂಜೂರಾಗಿಲ್ಲ.