ಸ್ಪಷ್ಟನೆ: 'ರೋಮನ್ ಕ್ಯಾಂಡಲ್' ರೀಮಿಕ್ಸ್ ಆಗಿಲ್ಲ

ಅಮೆರಿಕದ ಗಾಯಕ ಎಲಿಯಟ್ ಸ್ಮಿತ್ ಅವರ ಮೊದಲ ಸೋಲೋ ಆಲ್ಬಂ 'ರೋಮನ್ ಕ್ಯಾಂಡಲ್' (1994) ಮರುಮುದ್ರಣಕ್ಕೆ ಹಳೆಯ ಫೋರ್-ಟ್ರ್ಯಾಕ್ ಟೇಪು (ದನಿ, ವಾದ್ಯಗಳನ್ನು ನಾಲ್ಕು ಪ್ರತ್ಯೇಕ ಪದರಗಳಲ್ಲಿ ಹಿಡಿದದ್ದು) ತೆಗೆದು ಹೊಸದಾಗಿ ಮಿಕ್ಸ್ ಮಾಡಿದ್ದಾರೆ, ಅಂದರೆ ಆ ಪದರಗಳನ್ನು ಮತ್ತೆ ಬೆರೆಸಿದ್ದಾರೆ ಎಂಬ ಮಾತು ಓಡಾಡುತ್ತಿದೆ. ತಪ್ಪು. 2010ರಲ್ಲಿ ಕಿಲ್ ರಾಕ್ ಸ್ಟಾರ್ಸ್ ಎಂಬ ಸಂಗೀತ ಕಂಪನಿ ಹೊರತಂದದ್ದು ರೀಮಾಸ್ಟರ್ (ಬೆರೆಸಿ ಮುಗಿದ ಧ್ವನಿಯನ್ನೇ ತಿದ್ದಿದ್ದು), ಮಿಕ್ಸ್ ಮೂಲದ್ದೇ. ಧ್ವನಿ ಎಂಜಿನಿಯರ್ ಲ್ಯಾರಿ ಕ್ರೇನ್ ಮುಖ್ಯವಾಗಿ ತಗ್ಗಿಸಿದ್ದು ಗಿಟಾರ್ ತಂತಿಯ ಮೇಲೆ ಬೆರಳು ಜಾರುವಾಗಿನ ಕೀಚಲು ಸದ್ದು, ಕಿವಿಗೆ ಚುಚ್ಚುವ 'ಸ'ಕಾರ.

ವಿನೈಲ್‌ಗೆ (ಗ್ರಾಮಫೋನ್ ಪ್ಲೇಟಿಗೆ) ಇದು ಸಣ್ಣ ವಿಷಯವಲ್ಲ. ಪ್ಲೇಟಿನ ನಡುವಿಗೆ ಬಂದಂತೆ ಗೀರಿನ ಪ್ರತಿ ಸುತ್ತಿನ ಉದ್ದ ಕಮ್ಮಿ, ಅದರಲ್ಲಿ ಕೊರೆದ ಧ್ವನಿಯ ಅಲೆಗಳು ಒತ್ತೊತ್ತು. ಜೋರಾದ 'ಸ' ಅಲ್ಲಿ ಮುಳ್ಳಿಗೆ ದಕ್ಕದೆ 'ಶ್‌ಶ್' ಎಂದು ಒಡೆಯುತ್ತದೆ. ಮೊದಲ ಬದಿಯ ಕೊನೆಯಲ್ಲಷ್ಟೇ ಹೀಗಾದರೆ ಪ್ಲೇಟನ್ನು ದೂರುವ ಮೊದಲು ಮುಳ್ಳು ಒರೆಸಿ, ಅದನ್ನು ಹಿಡಿದಿರುವ ಕಾರ್ಟ್ರಿಜ್ ಕೋನ ಸರಿಯಿದೆಯೇ ನೋಡಿ. (ಎರಡನೇ ಬದಿಯ ಕೊನೆಯ ಟ್ರ್ಯಾಕ್ ಬರೀ ವಾದ್ಯ, ಅಲ್ಲಿ 'ಸ'ನೇ ಇಲ್ಲ.)